ಜಿತಕುಮಾರಿ ಬಾಗಿಲು ಹಾಕಿದ ದಿನ

ಕಾಫಲ್‌ಡಾಂಡಾದಲ್ಲಿ ಯಾರ ಎಮ್ಮೆ ಗಬ್ಬವಾಗಿದೆ, ಯಾರ ಸೊಸೆ ಬಸುರಿಯಾಗಿದ್ದಾಳೆ ಎಂಬುದು ಮೊದಲು ಗೊತ್ತಾಗುವುದು ಜಿತಕುಮಾರಿ ಪುನ್‌ಗೆ. ಕೆಲವು ಸಲ ಆ ಸೊಸೆಗಿಂತಲೂ ಮೊದಲು. ಇಪ್ಪತ್ತೇಳು ವರ್ಷದಿಂದ ಆಕೆ ಆ ಗುಡ್ಡದ ಆರೋಗ್ಯ ಸ್ವಯಂಸೇವಿಕೆ. ಮಕ್ಕಳಿಗೆ ವಿಟಮಿನ್ ಹನಿ, ಬಸುರಿಯರಿಗೆ ಕಬ್ಬಿಣದ ಮಾತ್ರೆ, ಮಿಕ್ಕವರಿಗೆಲ್ಲ ಬುದ್ಧಿಮಾತು. ಹನಿ, ಮಾತ್ರೆ ಸರಕಾರ ಕೊಟ್ಟಷ್ಟು ಮಾತ್ರ. ಬುದ್ಧಿಮಾತು ಸ್ವಂತದ್ದು, ಖಾಲಿಯಾದದ್ದನ್ನು ಯಾರೂ ಕಂಡಿಲ್ಲ. ಆಕೆ ಈ ಗುಡ್ಡದಲ್ಲಿ ನಿಂತು ಕೂಗಿದರೆ ಆಚೆ ಗುಡ್ಡದ ಕೂಸು ಹನಿಗೆಂದು ಬಾಯಿ ತೆರೆಯುತ್ತದೆ ಎಂದು ಜನ ನಗುತ್ತಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಜಿತಕುಮಾರಿಯ ಮನೆಯಲ್ಲಿ ಎರಡೂ ಒಂದೇ ದಿನ ಹೋದವು. ಮಗಳು ಬಿಮ್‌ಕಲಾ ಕಿರಿಯಳು, ಕರೆಯುವುದು ಕಾಂಛೀ ಎಂದು, ಒಂಬತ್ತನೇ ಕ್ಲಾಸು. ಒಂದು ಸಂಜೆ ತಲೆಗೆ ಸಾಸಿವೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ಅಮ್ಮನ ಮುಖ ಕಾಣದಂತೆ ಕೂತ ಧೈರ್ಯದಲ್ಲಿ, ಅವಳು ಒಂದು ಮಾತು ಹೇಳಿದಳು. “ಕ್ಲಾಸಲ್ಲಿ ಕೂತಿದ್ದ ಹಾಗೇ ಎದೆ ಡವಡವ ಅನ್ನುತ್ತೆ ಅಮ್ಮಾ. ಉಸಿರೇ ಸಿಗಲ್ಲ. ಸತ್ತೇಹೋಗ್ತೀನೇನೋ ಅನ್ಸುತ್ತೆ.” ಮಾರನೇ ದಿನ ತಾಯಂದಿರ ಗುಂಪಿನ ಸಭೆ. ಜಿತಕುಮಾರಿ ಎದ್ದು ನಿಂತು ಹರೆಯದ ಮಕ್ಕಳ ಸಮಸ್ಯೆ ಎಂದು ಶುರುಮಾಡಿ, “ಉದಾಹರಣೆಗೆ ನಮ್ಮ ಕಾಂಛೀನೇ ತಗೊಳ್ಳಿ” ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಉದಾಹರಣೆ ಇಲ್ಲದೆ ಆಕೆಗೆ ಮಾತೇ ಬರುವುದಿಲ್ಲ, ಅಷ್ಟೇ.

ಸಂಜೆ ನೀರಿಗೆ ಹೋದ ಹುಡುಗಿಯನ್ನು ನಲ್ಲಿಯ ಹತ್ತಿರ ಏಳು ಹೆಂಗಸರು ಸುತ್ತುವರಿದು, ಎದೆ ಹೇಗಿದೆ ಎಂದು ಕೇಳಿದರು. ಪಕ್ಕದ ಮನೆಯ ಮನಸರಿ ಅಜ್ಜಿ ಅವಳ ಜೇಬಿಗೆ ನಾಲಿಗೆ ಜುಮ್ಮೆನಿಸುವ ತಿಮುರ್ ಕಾಳು ಒಂದು ಹಿಡಿ ಸುರಿದು, “ಅಗೀತಿರು, ಎದೆಗೆ ಒಳ್ಳೇದು” ಎಂದಳು. ಬಿಮ್‌ಕಲಾ ಕೊಡ ತುಂಬಿಕೊಂಡು ಬಂದಳು, ಇಳಿಸಿದಳು, ಏಣಿ ಹತ್ತಿ ಮೆಕ್ಕೆಜೋಳ ಒಣಹಾಕಿದ ಅಟ್ಟ ಸೇರಿದಳು. ಅಂದಿನಿಂದ ಶಾಲೆ ಇಲ್ಲ, ಮಾತಿಲ್ಲ. ಅಪ್ಪ ಹೇಸರಗತ್ತೆ ಹೊಡೆದುಕೊಂಡು ಮೇಲಿನ ಹಾದಿಗೆ ಹೋದರೆ ತಿಂಗಳಿಗೊಮ್ಮೆ ಬರುವವನು. ಅವನು ಬಂದಾಗಲೂ ಅಟ್ಟದಿಂದ ಬರೀ ಕಾಲು ಕಾಣಿಸಿತು. ದೆವ್ವ ಬಿಡಿಸುವ ಝಾಂಕ್ರಿ ಗರ್ಬೆ ಬಂದು, ಹೆದರಿಕೆಗೆ ಹುಡುಗಿಯ ಮೈಯಿಂದ ಎಲ್ಲೋ ಬಿದ್ದುಹೋದ ಸಾತೋವನ್ನು, ಅಂದರೆ ಜೀವಕಳೆಯನ್ನು, ಹೆಸರು ಹಿಡಿದು ಕರೆದ. ಒಂದು ಹುಂಜ ಹೋಯಿತು, ಸಾತೋ ಬರಲಿಲ್ಲ. ಯಾಕೆ ಹೀಗಾಯಿತು ಎಂದು ಊರಿನ ಕೋಳಿಗಳಿಗೂ ಗೊತ್ತಿತ್ತು. ಜಿತಕುಮಾರಿಗೆ ಮಾತ್ರ ಗೊತ್ತಿರಲಿಲ್ಲ. ಊರಿಗೆಲ್ಲ ದೀಪ ಹಿಡಿಯುವವಳ ಕಾಲ ಬುಡದಲ್ಲೇ ಕತ್ತಲೆ.

ಹೀಗಿರುವಾಗ ಪಾಲಿಕೆಯಿಂದ ಟ್ಯಾಬ್ ಬಂತು. ಮನಸ್ಸಿನ ಡಾಕ್ಟರು ಇರುವುದು ಎರಡು ದಿನದ ದಾರಿಯಾಚೆ. ಆದ್ದರಿಂದ ಡಾಕ್ಟರಲ್ಲದವರೇ ಟ್ಯಾಬ್ ನೋಡಿ ಕಲಿತು ಹರೆಯದ ಮಕ್ಕಳ ಸಂಕಟಕ್ಕೆ ಆಸರೆಯಾಗಬೇಕಂತೆ. ಹನ್ನೆರಡು ಪಾಠ, ಕೊನೆಗೊಂದು ಪ್ರಮಾಣಪತ್ರ. ಯಾರು ಕಲಿಯುತ್ತೀರಿ ಎಂದು ಕೇಳುವ ಮೊದಲೇ ಜಿತಕುಮಾರಿಯ ಕೈ ಮೇಲೆದ್ದಿತ್ತು. ಪ್ರಮಾಣಪತ್ರ ಯಾರಿಗೆ ಬೇಕಾಗಿತ್ತು? ನನ್ನ ಕಾಂಛಿಯ ಬಾಯಿ ಬಿಡಿಸುವ ಮದ್ದು ಇದರೊಳಗೆ ಎಲ್ಲಾದರೂ ಇದ್ದೀತು ಎಂಬುದೊಂದೇ ಆಕೆಯ ಆಸೆ. ಪಾಪ, ಆ ಆಸೆಗೆ ನಗಬಾರದು.

ಹನ್ನೊಂದು ಪಾಠ ಸರಸರ ಮುಗಿದವು. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವುದು. ಮನಸರಿ ಅಜ್ಜಿಗೆ ಓದಲು ಬರದಿದ್ದರೂ, “ಉದ್ದ ಇರೋದನ್ನ ಒತ್ತೇ, ಸರಕಾರದೋರು ಸುಳ್ಳನ್ನ ಅಷ್ಟುದ್ದ ಬರೆಯಲ್ಲ” ಎಂದು ಹೇಳಿಕೊಟ್ಟಳು, ಹೆಚ್ಚಿನವು ಸರಿಯೂ ಆದವು. ಏಳನೇ ಪಾಠ, ಹೇಳಿಕೊಂಡವರ ಗುಟ್ಟನ್ನು ಹೊರಬಿಡಬಾರದು ಎಂಬುದು. ಅದರಲ್ಲಿ ಆಕೆಗೆ ಹತ್ತಕ್ಕೆ ಹತ್ತು. ಆ ಸಂತೋಷಕ್ಕೆ ನಲ್ಲಿಯ ಹತ್ತಿರ ಹೋಗಿ, ಈವರೆಗೆ ಯಾರ್ಯಾರ ಯಾವ್ಯಾವ ಗುಟ್ಟನ್ನು ತಾನು ಹೊರಬಿಟ್ಟಿಲ್ಲ ಎಂಬುದನ್ನು ಹೆಸರು ಸಮೇತ ಹೇಳಿ ಬಂದಳು.

ಹನ್ನೆರಡನೇ ಪಾಠದಲ್ಲಿ ಗಾಡಿ ನಿಂತಿತು. ಅದು ಕೇಳಿಸಿಕೊಳ್ಳುವ ಪಾಠ. ಪರದೆಯ ಮೇಲೆ ಆಶಿಕಾ ಎಂಬ ಹದಿನೈದು ವರ್ಷದ ಹುಡುಗಿ ಮಂಚದ ಮೇಲೆ ತಲೆತಗ್ಗಿಸಿ ಕೂತಿರುತ್ತಾಳೆ. ಕಲಿಯುವವರು ಸಮಾಧಾನವಾಗಿ ಜೊತೆಗಿದ್ದರೆ ಅವಳು ತಲೆಯೆತ್ತಿ ಮಾತಾಡುತ್ತಾಳೆ. ಬುದ್ಧಿ ಹೇಳಿದರೆ ಗೋಡೆಗೆ ಮುಖ ತಿರುಗಿಸುತ್ತಾಳೆ. ಟ್ಯಾಬಿಗೆ ಕಿವಿ ಇದೆ, ಎಲ್ಲ ಗೊತ್ತಾಗುತ್ತದೆ.

ಮೊದಲ ದಿನ ಒಲೆಯ ಸುತ್ತ ಹದಿನಾಲ್ಕು ಜನ. ಟ್ಯಾಬಿನೊಳಗಿನ ಹೆಂಗಸು ಇನಿದನಿಯಲ್ಲಿ ಕೇಳಿದಳು. “ನೀವು ಈಗ ಒಬ್ಬರೇ ಇದ್ದೀರಾ?”

“ಹೌದು!” ಎಂದರು ಹದಿನಾಲ್ಕೂ ಜನ.

ಆಶಿಕಾ ಕಾಣಿಸಿಕೊಂಡಳು. ಜಿತಕುಮಾರಿ ಆ ಗುಡ್ಡದಲ್ಲಿ ಯಾರು ಯಾರನ್ನು ಕಂಡರೂ ಮೊದಲು ಕೇಳುವುದನ್ನೇ ಕೇಳಿದಳು. “ಊಟ ಆಯ್ತಾ?”

ಹುಡುಗಿ ತಗ್ಗಿಸಿದ ತಲೆ ಎತ್ತಲಿಲ್ಲ.

“ಆಯ್ತೋ ಇಲ್ವೋ ಅಷ್ಟಾದ್ರೂ ಹೇಳು. ಹಿಂಗೆ ತಲೆ ಬಗ್ಗಿಸ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ಎದ್ದು ಮುಖ ತೊಳ್ಕೋ, ನಾಲ್ಕು ಹೆಜ್ಜೆ ಓಡಾಡು, ಗಾಳಿ ಬೀಸಿದ್ರೆ...”

ಆಶಿಕಾ ಗೋಡೆಗೆ ತಿರುಗಿದಳು. “ನೀವು ಸಲಹೆ ಕೊಟ್ಟಿರಿ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು ಟ್ಯಾಬ್.

“ಊಟ ಆಯ್ತಾ ಅನ್ನೋದು ಸಲಹೆನಾ?” ಮನಸರಿ ಅಜ್ಜಿಗೆ ಸಿಟ್ಟು ಬಂತು. “ಯಾವ ಊರಿನ ಹೆಂಗಸೇ ಅವಳು, ಒಳಗೆ ಕೂತು ಮಾತಾಡೋಳು?”

ಎರಡನೇ ದಿನ ಇಪ್ಪತ್ತು ಜನ ಬಂದರು. ಆಶಿಕಾ ಬರೀ ಚಿತ್ರ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದರೇನಂತೆ? ಮುದುಡಿ ಕೂತ ಹುಡುಗಿಯನ್ನು ನೋಡಿಕೊಂಡು ಸುಮ್ಮನಿರುವುದು ಕಾಫಲ್‌ಡಾಂಡಾದ ಜಾಯಮಾನದಲ್ಲಿಲ್ಲ. ಮನಸರಿ ಅಜ್ಜಿ ಬಿಸಿ ಢಿಡೊ ಮುದ್ದೆ, ಗುಂದ್ರುಕ್ ಸಾರು ತಂದು ಟ್ಯಾಬಿನ ಮುಂದಿಟ್ಟಳು. ವಾರ್ಡ್ ಅಧ್ಯಕ್ಷ ತುಲ್‌ಬಹಾದೂರ್ ಟೋಪಿ ಸರಿಮಾಡಿಕೊಂಡು, “ಇವಳದ್ದು ಯಾವ ವಾರ್ಡು?” ಎಂದ. ಯಾರಿಗೂ ಗೊತ್ತಿರಲಿಲ್ಲ. ಈ ಹುಡುಗಿ ನಮ್ಮ ವಾರ್ಡಿನವಳಲ್ಲದಿದ್ದರೂ ಮಾನವೀಯತೆಯ ದೃಷ್ಟಿಯಿಂದ ಮಾತಾಡಬೇಕಾಗಿ ಶಿಫಾರಸು ಮಾಡಲಾಗಿದೆ ಎಂದು ಬರೆದು, ಮೊಹರು ಒತ್ತಿ, ಕಾಗದವನ್ನು ಪರದೆಯ ಎದುರಿಗೆ ಹಿಡಿದ. ಆಶಿಕಾ ಸರಕಾರಕ್ಕೂ ಬಗ್ಗಲಿಲ್ಲ.

ಬುಧವಾರ ಗರ್ಬೆ ಝಾಂಕ್ರಿಯೇ ಬಂದ. ಬಿಮ್‌ಕಲಾ ವಿಷಯದಲ್ಲಿ ಹೋದ ಮಾನವನ್ನು ಹೇಗಾದರೂ ವಾಪಸ್ ತರಬೇಕಿತ್ತು ಅವನಿಗೆ. ಟ್ಯಾಬಿನ ಸುತ್ತ ಅಕ್ಕಿ ಚೆಲ್ಲಿ, ಕಣ್ಣು ಮುಚ್ಚಿ, ಡೋಲು ಬಾರಿಸಿದ. ಒಂದು ಮಾತಿಲ್ಲ, ಬರೀ ಡೋಲು. ಅರ್ಧ ಗಂಟೆಯಾದ ಮೇಲೆ ಪರದೆಯ ಮೇಲೆ ಚಿನ್ನದ ಬಣ್ಣದ ನಕ್ಷತ್ರವೊಂದು ಹೊಳೆಯಿತು. “ಬಹಳ ಚೆನ್ನಾಗಿದೆ! ನೀವು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದೀರಿ.”

ಊರು ಚಪ್ಪಾಳೆ ತಟ್ಟಿತು. ಜಿತಕುಮಾರಿಗೆ ಮಾತ್ರ ಅಳು ಬಂತು. ಇಪ್ಪತ್ತೇಳು ವರ್ಷ ಬಿಸಿಲು ಮಳೆ ಎನ್ನದೆ ಗುಡ್ಡ ಹತ್ತಿ ಇಳಿದವಳಿಗೆ ಸಿಗದ ನಕ್ಷತ್ರ ಒಂದು ಡೋಲಿಗೆ ಸಿಕ್ಕಿತ್ತು. ಶುಕ್ರವಾರ ಟ್ಯಾಬ್ ವಾಪಸ್ ಕೊಡಬೇಕು. ಅಟ್ಟದ ಮೇಲೆ ಮೂವತ್ತಾರು ದಿನದ ಮೌನ ಹಾಗೇ ಕೂತಿದೆ.

ಗುರುವಾರ ಮಧ್ಯಾಹ್ನ ಮತ್ತೆ ಕೂತಳು. ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ, ಕಿಟಕಿಯಲ್ಲೂ ತಲೆಗಳು. ಜಿತಕುಮಾರಿ ಈ ಸಲ ಬುದ್ಧಿ ಹೇಳಲಿಲ್ಲ. ದನಿ ಒಡೆದುಹೋಗಿತ್ತು. “ಮಾತಾಡೇ ತಾಯಿ” ಎಂದಳು. “ಒಂದೇ ಒಂದು ಮಾತು. ನಿನ್ ಕಾಲಿಗೆ ಬೀಳ್ತೀನಿ.” ಯಾರನ್ನು ಕೇಳುತ್ತಿದ್ದಾಳೆಂದು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಆಶಿಕಾಗೆ ಅರ್ಥವಾಗಲಿಲ್ಲ, ಗೋಡೆಗೆ ತಿರುಗಿದಳು.

ಆಗ ಮೇಲಿನಿಂದ, ಜೋಳದ ತೆನೆಗಳ ಸಂದಿಯಿಂದ, ತುಕ್ಕು ಹಿಡಿದಂಥ ದನಿಯೊಂದು ಬಂತು.

“ಅವಳು ಹೇಗೆ ಮಾತಾಡ್ತಾಳೆ? ಇಡೀ ಊರೇ ಕೂತಿದೆಯಲ್ಲ.”

ಜಿತಕುಮಾರಿ ಏಣಿಯ ಕಡೆ ನೋಡಿದಳು. ಆಮೇಲೆ ಒಲೆಯ ಸುತ್ತ ಕೂತ ಜನರನ್ನು ನೋಡಿದಳು. ನಲ್ಲಿಯ ಹತ್ತಿರದ ಏಳು ಹೆಂಗಸರೂ ಅಲ್ಲೇ ಇದ್ದರು. ಮೂವತ್ತೇಳು ದಿನದಿಂದ ಊರಿನ ಕೋಳಿಗಳಿಗೆ ಗೊತ್ತಿದ್ದದ್ದು ಆ ಹೊತ್ತು ಆಕೆಗೂ ಗೊತ್ತಾಯಿತು.

“ಏಳಿ. ಎಲ್ರೂ ಹೊರಗೆ ನಡೀರಿ.”

“ಹುಡುಗಿ ಬಾಯಿ ಬಿಟ್ಟಿದ್ದಾಳೆ ದೀದಿ, ಈಗ್ಲೇ ಹೋಗು ಅಂತೀಯಲ್ಲ?” ಎಂದ ಅಧ್ಯಕ್ಷ.

“ಅದಕ್ಕೇ ಹೋಗು ಅಂತಿರೋದು. ನಡಿ!” ಕೊನೆಗೆ ಮನಸರಿ ಅಜ್ಜಿಯನ್ನು ಕೂತ ಚಾಪೆ ಸಮೇತ ಎಳೆದು ಹೊಸ್ತಿಲು ದಾಟಿಸಿ, ಜಿತಕುಮಾರಿ ಬಾಗಿಲು ಹಾಕಿ ಅಗುಳಿ ಜಡಿದಳು.

ಕಾಫಲ್‌ಡಾಂಡಾದಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿ ಇಲ್ಲ. ಹೊಲಕ್ಕೆ ಹೋದರೂ ಒಂದು ಬಿದಿರು ಗಳ ಅಡ್ಡ ಇಟ್ಟು ಹೋಗುತ್ತಾರೆ. ಒಳಗೆ ಜನ ಇದ್ದೂ ಬಾಗಿಲು ಹಾಕಿದೆ ಎಂದರೆ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದಾರೆ ಎಂದೇ ಲೆಕ್ಕ. ಆಚೆಗೆ ಬಿದ್ದವರಿಗೆ ಕಾರಣ ಗೊತ್ತಿತ್ತು, ಆದರೆ ಗದ್ದೆಯಲ್ಲಿದ್ದವರಿಗೆ ಮುಚ್ಚಿದ ಬಾಗಿಲು ಮಾತ್ರ ಕಂಡಿತು. ಆಚೆ ಗುಡ್ಡದಿಂದ ಯಾರೋ ಶಂಖ ಊದಿದರು. ಶಂಖ ಕೇಳಿದ ಮೇಲೆ ಕಾರಣ ಗೊತ್ತಿದ್ದವರಿಗೂ ಅನುಮಾನ ಬಂತು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ, ಮನೆಗೊಂದರಂತೆ ಕಟ್ಟಿಗೆ ಹೊರೆ ಹೆಗಲಿಗೇರಿತು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ನಲವತ್ತು ಜನ, ನಲವತ್ತು ಹೊರೆ ಕಟ್ಟಿಗೆ, ಚಟ್ಟಕ್ಕೆಂದು ಹಸಿ ಬಿದಿರು ಎರಡು.

“ಆಶಿಕಾನೇ ಹೋಗಿರ್ಬೇಕು” ಎಂದು ಮನಸರಿ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. “ಒಂದು ತುತ್ತು ತಿನ್ಲಿಲ್ಲ ಪಾಪದ್ದು.” ಅಧ್ಯಕ್ಷ ಮರಣ ನೋಂದಣಿಯ ಅರ್ಜಿ ತಂದಿದ್ದ. ಖಾಯಂ ವಿಳಾಸದ ಜಾಗಕ್ಕೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಕಚ್ಚುತ್ತ ನಿಂತ.

ಒಳಗೆ ಬೇರೆಯೇ ಕತೆ. ಬಿಮ್‌ಕಲಾ ಏಣಿಯ ಮೂರು ಮೆಟ್ಟಿಲು ಇಳಿದು ಅಲ್ಲೇ ಕೂತಿದ್ದಳು. “ನೀನು ಮಾತಾಡ್ಬಾರ್ದು” ಎಂದಳು. ಜಿತಕುಮಾರಿ ತಲೆಯಾಡಿಸಿದಳು. ತಲೆಯಾಡಿಸಿದ್ದೇನೋ ಆಯಿತು, ತನ್ನ ಬಾಯಿಯ ಮೇಲೆ ಆಕೆಗೇ ನಂಬಿಕೆ ಇರಲಿಲ್ಲ. ಒಲೆಯ ಮೇಲಿನ ಬುಟ್ಟಿಗೆ ಕೈ ಹಾಕಿ ಒಣಗಿದ ಚುರ್ಪಿಯ ಎರಡು ತುಂಡು ತೆಗೆದು ಎರಡು ದವಡೆಗೂ ಒಂದೊಂದು ತುರುಕಿಕೊಂಡಳು. ಆ ಗಿಣ್ಣು ಕಲ್ಲಿನಂಥದ್ದು, ಬಾಯಲ್ಲಿಟ್ಟರೆ ಕರಗಲು ಎರಡು ಗಂಟೆ ಬೇಕು, ಅಲ್ಲಿಯವರೆಗೆ ಬ್ರಹ್ಮ ಬಂದು ಕೇಳಿದರೂ ಉತ್ತರ ಹೊರಡುವುದಿಲ್ಲ. ಅಮ್ಮನ ಉಬ್ಬಿದ ಎರಡು ಕೆನ್ನೆ ನೋಡಿ ಹುಡುಗಿಯ ತುಟಿ ಒಂದಿಷ್ಟು ಅದುರಿತು. ಆಮೇಲೆ ಮಾತು ಶುರುವಾಯಿತು.

ನಡುವೆ ಎಷ್ಟೋ ಸಲ ಜಿತಕುಮಾರಿಯ ಗಂಟಲ ತನಕ ಬುದ್ಧಿಮಾತು ಬಂತು, ಚುರ್ಪಿಗೆ ತಾಗಿ ಹಿಂದಕ್ಕೆ ಹೋಯಿತು. ಕಣ್ಣೀರಿಗೆ ಮಾತ್ರ ಅಡ್ಡ ಏನೂ ಇರಲಿಲ್ಲ, ಅದು ತಾನಾಗಿ ಇಳಿಯುತ್ತಿತ್ತು. ಮೂಲೆಯಲ್ಲಿ ಮರೆತುಹೋಗಿದ್ದ ಟ್ಯಾಬ್ ಇನಿದನಿಯಲ್ಲಿ ಹೇಳಿತು. “ನೀವು ಬಹಳ ಹೊತ್ತಿನಿಂದ ಏನೂ ಮಾತಾಡಿಲ್ಲ. ನಿಮ್ಮ ತರಬೇತಿಯನ್ನು ರದ್ದುಪಡಿಸಲಾಗಿದೆ.” ತಾಯಿ ಮಗಳು ಇಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

ಹೊತ್ತು ಮುಳುಗುವ ಮೊದಲು ಬಾಗಿಲು ತೆರೆಯಿತು. ಕಟ್ಟಿಗೆ ಹೊತ್ತ ಊರನ್ನು ನೋಡಿ ಜಿತಕುಮಾರಿ ಹೊಸ್ತಿಲಲ್ಲೇ ನಿಂತಳು.

“ಯಾರೇ ಹೋಗಿದ್ದು?” ಎಂದಳು ಮನಸರಿ ಅಜ್ಜಿ.

“ಯಾರೂ ಹೋಗಿಲ್ಲ ಅಜ್ಜಿ. ನನ್ ಮಗಳು ಮಾತಾಡಿದ್ಲು.”

ಅಂಗಳವಿಡೀ ಒಂದು ಹೆಜ್ಜೆ ಮುಂದೆ ಬಂತು. “ಏನಂದ್ಲು?”

ಜಿತಕುಮಾರಿ ಬಾಯಿ ತೆರೆದಳು. ಎಲ್ಲರೂ ಉಸಿರು ಬಿಗಿಹಿಡಿದರು. ಆಕೆ ಬಾಯಿ ಮುಚ್ಚಿದಳು. ಚುರ್ಪಿ ಅಷ್ಟು ಹೊತ್ತಿಗೆ ಕರಗಿ ಹೋಗಿತ್ತು, ಅದನ್ನು ಎಲ್ಲರೂ ನೆನಪಿಡಬೇಕು.

“ನಂಗೇನ್ ಗೊತ್ತು” ಎಂದಳು. “ಚಾ ಇಡ್ತೀನಿ, ಕುಡ್ಕೊಂಡು ಹೋಗಿ.”

ಊರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟು ಭಾರ ಹೊತ್ತು ಗುಡ್ಡ ಹತ್ತಿದವರಿಗೆ ಬರೀ ಚಾ! ಸಾವಿಗೆಂದು ತಂದ ಕಟ್ಟಿಗೆಯನ್ನು ಯಾರೂ ಮನೆಗೆ ವಾಪಸ್ ಒಯ್ಯುವಂತಿಲ್ಲ. ಎಲ್ಲವನ್ನೂ ಅಂಗಳದಲ್ಲೇ ಎಸೆದು ಹೋದರು. ಆ ಮಳೆಗಾಲ ಪೂರ್ತಿ ಜಿತಕುಮಾರಿಯ ಒಲೆ ಉರಿದದ್ದು ಅದರಲ್ಲೇ. ಚುರ್ಪಿಯ ಕತೆ, ಟ್ಯಾಬಿನ ಕತೆ ಎಲ್ಲ ಆಮೇಲೆ ಆಕೆಯೇ ನಕ್ಕು ನಕ್ಕು ಹೇಳಿದ್ದು. ಮಗಳು ಹೇಳಿದ ಒಂದಕ್ಷರ ಮಾತ್ರ ಈವತ್ತಿಗೂ ಹೊರಬಿದ್ದಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.

ಶುಕ್ರವಾರ ಟ್ಯಾಬ್ ಹೋಯಿತು. ಜಿತಕುಮಾರಿ ಪುನ್ ಅನುತ್ತೀರ್ಣ ಎಂದು ಪಟ್ಟಿ ಬಂತು. ಶನಿವಾರ ಸಂಜೆ ಬಿಮ್‌ಕಲಾ ಕೊಡ ತೆಗೆದುಕೊಂಡು ನಲ್ಲಿಗೆ ಹೋದಳು. ಆ ಏಳು ಹೆಂಗಸರೂ ಅಲ್ಲೇ ಇದ್ದರು. ಕೇಳೋಣವೆಂದರೆ ಏನು ಕೇಳಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಮನಸರಿ ಅಜ್ಜಿ ತಡೆಯಲಾರದೆ, ತನಗೆ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದಳು.

“ಊಟ ಆಯ್ತಾ?”

ಹುಡುಗಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಆಯ್ತು ಅಜ್ಜಿ” ಎಂದಳು. “ನಿಂದು?”