ಅಂಗೈಯಲ್ಲಿ ತೋರಿಸಿದ ಬೀದರ

ಟಾಂಗಾ ಚಾಚಾನವರ ಎಡ ಅಂಗೈಗೆ ಅಡ್ಡವಾಗಿ, ಲಗಾಮು ಉಜ್ಜಿ ಉಜ್ಜಿ ಬಿದ್ದ ಕಪ್ಪು ಗೆರೆ ಇತ್ತು. ಊರಿಗೆ ಹೊಸಬರು ಬಂದರೆ ಆ ಕೈ ಚಾಚಿ ಬೀದರ ಶಹರವನ್ನೇ ತೋರಿಸುತ್ತಿದ್ದರು. ಮಣಿಕಟ್ಟು ಸ್ಟೇಷನ್ನು, ಕಪ್ಪು ಗೆರೆ ಊರ ಗೋಡೆ, ಅಂಗೈ ನಡುವೆ ಚೌಬಾರಾದ ಬುರುಜು, ಅಲ್ಲಿಂದಾಚೆಗೆ ಬೆರಳುಗಳೆಲ್ಲ ಬೀದಿಗಳು.

"ಚೌಬಾರಾ ತನಕ ನಾಕು ಮಂದಿ ಕೂಡಿ ಬರ್ರಿ, ಸೋವಿ ಆಗ್ತದ. ಮುಂದ ನಡೀರಿ. ಕುದರಿಗೆ ನಾಕು ಕಾಲು ಖರೆ, ನಿಮಗೂ ಎರಡು ಕೊಟ್ಟಾನಲ್ರಿ ದೇವರು!"

ಗಿರಾಕಿಯನ್ನು ಅರ್ಧಕ್ಕೇ ಇಳಿಸಿ ನಡೆಸುವ ಟಾಂಗಾದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಿಜಾಮರ ಆಳಿಕೆಯ ಕೊನೆಯ ದಿನಗಳು. ನಮ್ಮ ಮನೆಯವರು ಎದೆಯ ಕಾಯಿಲೆಯಿಂದ ಬೀದರದ ಆಸ್ಪತ್ರೆಯಲ್ಲಿದ್ದರು. ವಾರಕ್ಕೊಮ್ಮೆ ಮಾವನವರ ಜೊತೆ ಭಾಲ್ಕಿಯಿಂದ ರೈಲು ಹತ್ತಿ ರೊಟ್ಟಿ ಬುತ್ತಿ ಒಯ್ಯುತ್ತಿದ್ದೆ. ಮೊದಲ ಸಲ ಬೇರೆ ಟಾಂಗಾದವನೊಬ್ಬ ಊರೆಲ್ಲ ಸುತ್ತಿಸಿ ದುಡ್ಡು ಕಿತ್ತುಕೊಂಡ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನೋಡುವ ಹೊತ್ತು ಮುಗಿದಿತ್ತು. ಗಂಡನ ಮುಖ ಕಾಣದೆ ಬಾಗಿಲಲ್ಲಿ ಕೂತು ಅಳುತ್ತಿದ್ದಾಗ ಚಾಚಾ ಬಂದು, "ಅಳಬ್ಯಾಡ ಬೇಟಿ, ಇಲ್ಲಿ ನೋಡು," ಎಂದು ಅಂಗೈ ಬಿಚ್ಚಿದರು. ಆಮೇಲೆ ಒಂದು ವಾರವೂ ನನಗೆ ಹೊತ್ತು ತಪ್ಪಲಿಲ್ಲ.

ನಿಜಾಮರ ಕಡೆಯ ರಜಾಕಾರರ ಹಾವಳಿ ಜೋರಾಗಿದ್ದ ಒಂದು ಮಧ್ಯಾಹ್ನ. ಊರ ಬಾಗಿಲಲ್ಲಿ ಕೋವಿ ಹಿಡಿದವರು ಧೋತರದವರನ್ನೆಲ್ಲ ಇಳಿಸಿಕೊಳ್ಳುತ್ತಿದ್ದರು. ಅದನ್ನು ದೂರದಿಂದಲೇ ಕಂಡ ಚಾಚಾ ಮಾವನವರಿಗೆ, "ಅಪ್ಪಾರ, ಹಿಂದ ಸರೀರಿ," ಎಂದವರೇ ಹೆಂಗಸರಿಗಾಗಿ ಇಟ್ಟಿದ್ದ ಪರದೆಯನ್ನು ಎಳೆದುಬಿಟ್ಟರು.

"ಒಳಗ ಯಾರು?" ಎಂದಿತು ಹೊರಗಿನ ದನಿ.

"ನಮ್ಮ ಮನಿ ಹೆಣ್ಮಕ್ಕಳು. ಮುಟ್ಟೀರಿ, ಹುಷಾರ್!"

ಪರದೆಯ ಹಿಂದೆ ಮಾವನವರು ನನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುದುಡಿ ಕೂತಿದ್ದರು. ಚೌಬಾರಾದಲ್ಲಿ ಇಳಿದು ಚಾಚಾನವರ ಕಾಲಿಗೆ ಬಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳಿಕೆ ಮುಗಿಯಿತು. ರೈಲು ಮತ್ತೆ ಸರಿಯಾಗಿ ಓಡತೊಡಗಿದ ಮೇಲೆ ಹೋದರೆ ಸ್ಟೇಷನ್ನಿನ ಮುಂದೆ ಟಾಂಗಾಗಳು ಎರಡು ಸಾಲಾಗಿ ನಿಂತಿದ್ದವು. ಒಂದು ನಮ್ಮವರದು, ಒಂದು ಮುಸಲ್ಮಾನರದು. ಹಾಗೆ ಗೆರೆ ಕೊರೆದವರು ಯಾರೋ, ಅವರ ಕೈ ಸೇದಿಹೋಗಲಿ! ಆ ಇನ್ನೊಂದು ಸಾಲಿನ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಚಾಚಾನವರ ಕುದುರೆಯ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಮಾವನವರು ನೆಟ್ಟಗೆ ನಮ್ಮವರ ಸಾಲಿಗೆ ನಡೆದರು.

"ಮಾವಾರ, ಚಾಚಾ ಅಲ್ಲಿ ನಿಂತಾರಲ್ರಿ..."

"ಬಾಯಿ ಮುಚ್ಚು! ಮಂದಿ ನೋಡ್ಲಿಕತ್ತಾರ."

ಬಾಯಿ ಮುಚ್ಚಿದೆ. ಮಾವನವರ ಮೇಲಿನ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ನನಗೆ ಆ ಮುಚ್ಚಿದ ಬಾಯಿಯ ಮೇಲಿದೆ. ಟಾಂಗಾ ಹತ್ತುವಾಗ ಚಾಚಾ ನಮ್ಮನ್ನೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಎಡಗೈ ಎತ್ತಿ, ಅಂಗೈಯ ನಡುವೆ ಬೆರಳಿಟ್ಟು ಕೂಗಿದರು:

"ಬೇಟಿ, ಚೌಬಾರಾಕ್ಕ ಇಳೀರಿ! ಇಂವ ಸುತ್ತಸ್ತಾನ, ಹೊತ್ತು ಮೀರ್ತದ!"

ಚೌಬಾರಾ ಬಂದಾಗ ಮಾವನವರು ಕಣ್ಣು ಕೆಕ್ಕರಿಸಿದರೂ ಲೆಕ್ಕಿಸದೆ ಬುತ್ತಿ ಹಿಡಿದು ಜಿಗಿದೆ. ಅಂಗೈ ನೋಡಿಕೊಳ್ಳುತ್ತ ನಡೆದು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದೆ. ನಮ್ಮ ಮನೆಯವರು ಗುಣವಾಗಿ ಮನೆಗೆ ಬಂದರು.

ಅವರನ್ನು ಕರೆದುಕೊಂಡು ಚಾಚಾನವರಿಗೆ ಕೈಮುಗಿಯಲು ಹೋದಾಗ ಟಾಂಗಾ ಇರಲಿಲ್ಲ. ಕುದುರೆ ಮಾರಿ, ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತ ಒಂದು ದಿನ ಕುಸಿದು ಬಿದ್ದು ಪ್ರಾಣ ಬಿಟ್ಟರಂತೆ. ಯಾರೂ ಹತ್ತದ ಟಾಂಗಾ ಅವರನ್ನು ಕೊಂದಿತು. ಹತ್ತದವರಲ್ಲಿ ನಾನೂ ಒಬ್ಬಳು.

ಮುಂದೆ ಎಷ್ಟೋ ವರ್ಷದ ಮೇಲೆ ಮಾವನವರು ತೀರಿಕೊಂಡರು. ಭಾಲ್ಕಿಯ ಹಿರಿಯರು ಅಂಗಳದಲ್ಲಿ ನಿಂತು, "ರಜಾಕಾರರ ಎದುರು ಎದಿ ಸೆಟೆಸಿ ನಿಂತ ಮನುಷ್ಯಾರಿ," ಎಂದು ಹೊಗಳಿದರು. ನಾನು ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದೆ, ಮಾವನವರು ಅಂದು ಪರದೆಯ ಹಿಂದೆ ಎಳೆದುಕೊಂಡದ್ದು ಇಂಥದೇ ಸೆರಗು. ಆಗಲೂ ಬಾಯಿ ಬಿಡಲಿಲ್ಲ. ಈಗ ಬಿಟ್ಟಿದ್ದೇನೆ.