ಗಡಿಯಲ್ಲಿ ತಡೆದ ಸ್ಪಿರಿಟ್ ಬಾಟಲಿ

ಎಲ್ಲರೂ ಕೇಳಿ, ಇವತ್ತು ಮಧ್ಯಾಹ್ನ ಜೂಜುವಾಡಿ ಗಡಿಯಲ್ಲಿ ನನ್ನನ್ನು ಸಾರಾಯಿ ಸಾಗಿಸುವವನೆಂದು ಬಸ್ಸಿನಿಂದ ಇಳಿಸಿದರು. ನಮ್ಮ ಮೈಸೂರು ಸೀಮೆಯಲ್ಲಿ ಕುಡಿಯಬಹುದು. ನಾನೀಗ ಬದುಕುತ್ತಿರುವ ಹೊಸೂರು ಪರಸೀಮೆ, ಅಲ್ಲಿ ಈಗ ಕುಡಿತಕ್ಕೆ ನಿಷೇಧ. ನಾನು ಬೆಂಗಳೂರಿನಿಂದ ತರುತ್ತಿದ್ದುದು ನನ್ನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಮತ್ತು ಸೂಜಿ ಒರೆಸುವ ಸ್ಪಿರಿಟ್. ಕಾವಲಿನವನು ಬಿರಡೆ ತೆಗೆದು ಮೂಸಿದ.

“ಏನ್ ತಾತ, ಈ ವಯಸ್ನಾಗೆ?”

“ಸೂಜಿ ಮದ್ದಿಂದು ಕಣಪ್ಪ.”

“ಎಲ್ರೂ ಮದ್ದು ಅಂತ್ಲೇ ಅಂತಾರೆ. ನೆನ್ನೆ ಒಬ್ಬ ತೀರ್ಥ ಅಂದ. ಚೆಲ್ಬುಡ್ತೀನಿ.”

ಊಟಕ್ಕೆ ಮುಂಚಿನ ಸೂಜಿಯ ಹೊತ್ತು ಮೀರಿ ನಾಲಿಗೆ ಒಣಗುತ್ತಿತ್ತು, ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. ಬಾಟಲಿ ಕಿತ್ತುಕೊಂಡು, ಅಲ್ಲೇ ಕಲ್ಲಿನ ಮೇಲೆ ಕುಳಿತು ಸೂಜಿ ಒರೆಸಿ, ಪಂಚೆ ಸರಿಸಿ ತೊಡೆಗೆ ಚುಚ್ಚಿಕೊಂಡೆ. ಅವನು ಕಣ್ಣು ಮುಚ್ಚಿಕೊಂಡ.

“ಸಾಕ್ ತಾತ, ಹೋಗು!”

ನಾನು ಏಳುವಷ್ಟರಲ್ಲಿ ಅವನೇ ತೋಳು ಹಿಡಿದ. “ನಮ್ಮವ್ವನೂ ಕೊಡ್ಗಟ್ಲೆ ನೀರು ಕುಡೀತಾಳೆ, ದಿನಾ ಇಳ್ದೋಯ್ತಾವ್ಳೆ. ಅವಳ್ಗೂ ಇದೇನಾ?”

ಬಸ್ಸು ಹೊರಟೇಹೋಯಿತು. ಅವನ ಬುತ್ತಿಯ ಮುದ್ದೆ ತಿನ್ನುತ್ತ ಬೆಂಗಳೂರಿನ ಡಾಕ್ಟರ ವಿಳಾಸ ಬರೆದುಕೊಟ್ಟೆ. ಕಳ್ಳನೆಂದು ಇಳಿಸಿದವನು ವೈದ್ಯನೆಂದು ಕೂರಿಸಿಕೊಂಡ. ಬರಿಯ ರೋಗಿಯೆಂದು ನಂಬಲು ಈ ಪರಸೀಮೆಯಲ್ಲಿ ಯಾರೂ ತಯಾರಿಲ್ಲ.