ಒಂದೆಳೆ ಹೆಚ್ಚಾದ ಕುತ್ತಿಗೆ

ಗಂಗಕ್ಕಾ, ನನಗೆ ಬಹುಮಾನ ತಂದ ಸೀರೆಯ ಆ ನವಿಲು ನಾನು ಕದ್ದದ್ದು. ಅದು ನಿಮ್ಮದೆಂದು ನಿಮಗೆ ಅವತ್ತೇ ತಿಳಿಯಿತು. ನಿಮಗೆ ತಿಳಿಯದ್ದು ಇನ್ನೊಂದಿದೆ — ಅದನ್ನು ಹೇಳಲು ಈ ಹೇಡಿಗೆ ನಾಲ್ಕು ವರ್ಷ ಬೇಕಾಯಿತು.

ಧಾರವಾಡದ ನಿಮ್ಮ ಪಡಸಾಲೆಯಲ್ಲಿ ನನ್ನ ಕೈಗೆ ಕಸೂತಿಯ ಸೂಜಿ ಕೊಟ್ಟವರು ನೀವು. ಕಸೂತಿಗೆ ಮೊದಲೇ ಗೆರೆ ಎಳೆದುಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. "ನನ್ನ ನವಿಲು ಕಣ್ತುಂಬ ನೋಡವಾ ಸುಮಾ. ಆಮ್ಯಾಲ ಅರಿವಿ ಮಡಚಿಟ್ಟು ನಿನ್ನ ನವಿಲು ಹಾಕು," ಅನ್ನುತ್ತಿದ್ದಿರಿ. ನಾನು ನೋಡುತ್ತಿದ್ದೆ, ಮಡಚಿಡುತ್ತಿದ್ದೆ — ನನ್ನ ನವಿಲು ಕೋಳಿಯಾಗುತ್ತಿತ್ತು. ನೀವು ನಗುತ್ತಿದ್ದಿರಿ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಹುಮಾನ ಕೊಡುವ ಹುಬ್ಬಳ್ಳಿಯ ಕಸೂತಿ ಪ್ರದರ್ಶನ ಹತ್ತಿರ ಬಂತು. ನೀವು ಚಹಾ ಮಾಡಲು ಒಳಗೆ ಹೋದಾಗ, ನಿಮ್ಮ ಹೊಸ ಸೆರಗಿನ ನವಿಲಿನ ಫೋಟೊ ಹೊಡೆದುಕೊಂಡೆ. ಮನೆಗೆ ಬಂದು, ಮೊಬೈಲಿನಲ್ಲಿ ದೊಡ್ಡದು ಮಾಡಿ ಎಣಿಸಿದೆ. ಕುತ್ತಿಗೆಯಲ್ಲಿ ಒಂದು ಕಡೆ, ಮೂರೆಳೆ ಇರಬೇಕಾದಲ್ಲಿ ನಾಲ್ಕಿತ್ತು. ಮೂವತ್ತು ವರ್ಷ ತಪ್ಪದ ಕೈ! ಸೂಜಿಗೆ ದಾರ ಪೋಣಿಸಲು ನೀವು ನನ್ನನ್ನು ಕರೆಯತೊಡಗಿದ್ದು ನೆನಪಾಯಿತು. ನಿಮ್ಮ ಕಣ್ಣಿಗೇನೋ ಆಗಿದೆ ಎಂದು ಆಗಲೇ ಹೊಳೆಯಿತು. ಆದರೆ ಹೇಳಿದರೆ — ನೀನ್ಯಾಕೆ ಎಣಿಸಿದೆ ಎಂದು ಕೇಳುತ್ತೀರಲ್ಲ... ಬಾಯಿ ಮುಚ್ಚಿಕೊಂಡೆ. ತಪ್ಪನ್ನೂ ಹಾಗೇ ಹೊಲಿದೆ. ಅದನ್ನು ತಿದ್ದುವಷ್ಟು ವಿದ್ಯೆ ನನಗಿರಲಿಲ್ಲ.

ಬಹುಮಾನದ ದಿನ ನೀವು ಹುಬ್ಬಳ್ಳಿಗೆ ಬಂದಿರಿ. ನನ್ನ ಸೆರಗನ್ನು ಮೂಗಿನ ಹತ್ತಿರ ಹಿಡಿದು, ಉಗುರು ಆಡಿಸಿ ಎಣಿಸಿದಿರಿ.

"ಇದು ನನ್ನ ನವಿಲ ಐತಿ. ಇರ್ಲಿ ಬಿಡವಾ. ಆದ್ರ ಕುತ್ತಿಗ್ಯಾಗ ಎಣಿಕಿ ತಪ್ಪೈತಿ ನೋಡು."

"ಹೌದ್ರಿ ಅಕ್ಕಾ. ತಪ್ಪು ನಂದ," ಅಂದೆ.

ಒಂದು ವರ್ಷ ಕಳೆದ ಮೇಲೆ ಕಣ್ಣಿನ ಡಾಕ್ಟರು, ನರ ಒಣಗಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಅಂದರು. ನಿಮ್ಮ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನೇ. ಅಯ್ಯೋ, ಆಗಲಾದರೂ...

ಈಗ ನೀವು ಗರಗದಲ್ಲಿ ಮಗಳ ಮನೆಯಲ್ಲಿದ್ದೀರಿ. ಹೋದ ತಿಂಗಳು ನಾನು ಅಲ್ಲಿಗೆ ಬಂದಾಗ ಅಂದಿರಿ: "ಕಣ್ಣು ಹೋದ್ರ ಹೋಗ್ಲಿ. ನನ್ನ ಕೈ ಎಂದೂ ಎಣಿಕಿ ತಪ್ಪಲಿಲ್ಲ, ಅಷ್ಟ ಸಾಕು." ನಾನು ಹೂಂಗುಟ್ಟಿದೆ.

ಭಾನುವಾರ ಬರುತ್ತೇನೆ. ಪೆಟ್ಟಿಗೆಯಿಂದ ನಿಮ್ಮ ಆ ಸೀರೆ ತೆಗೆಸಿ, ನಿಮ್ಮ ಬೆರಳನ್ನು ನವಿಲಿನ ಕುತ್ತಿಗೆಯ ಮೇಲಿಡುತ್ತೇನೆ. ನಿಮಗೆ ಉಳಿದ ಒಂದೇ ಹೆಮ್ಮೆಯನ್ನೂ ಕಸಿದುಕೊಳ್ಳುತ್ತಿದ್ದೇನೆಂದು ಬಲ್ಲೆ. ಎಣಿಸಿ ಅಕ್ಕಾ. ಎಣಿಸಿದ ಮೇಲೆ ನೀವು ಏನಂದರೂ ನಾನು ಎದ್ದು ಹೋಗುವುದಿಲ್ಲ.